ಖಾಕಿ ತೊಟ್ಟ ನನ್ನಕ್ಕ

ಅಕ್ಕನ ಹಣೆಗೆ ಎರಡು ಬಣ್ಣ. ಟೋಪಿಯಡಿ ಬಿಸಿಲು ಕಾಣದೆ ಉಳಿದ ಮೇಲಿನ ಪಟ್ಟಿ ಬೆಳ್ಳಗೆ, ಅದರ ಕೆಳಗೆಲ್ಲ ರಸ್ತೆ ಬಿಸಿಲಿಗೆ ಸುಟ್ಟು ಕಪ್ಪಗೆ. ಒಂಟಿಕೊಪ್ಪಲಿನ ಮನೆಗೆ ಬಂದು ಅವಳು ಟೋಪಿ ತೆಗೆದರೆ ಸಾಕು, ಅಮ್ಮ ಆ ಗೆರೆಯನ್ನು ಸೆರಗಿನಿಂದ ಒರೆಸುತ್ತಿದ್ದಳು. ನನ್ನ ಹಣೆಯನ್ನು ಅಮ್ಮ ಹಾಗೆ ಒರೆಸಿದ್ದು ನೆನಪಿಲ್ಲ.

ಸಬ್ ಇನ್‌ಸ್ಪೆಕ್ಟರ್ ಕೆಲಸಕ್ಕೆ ಇಬ್ಬರೂ ಒಟ್ಟಿಗೇ ಅರ್ಜಿ ಹಾಕಿದ್ದೆವು. ಓಟದಲ್ಲಿ ಅವಳು ಪಾಸಾದಳು. ನಾನು ಕೊನೆಯ ಸುತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟೆ. "ಮುಂದಿನ ಸಲಕ್ಕೆ ನಾನೇ ಓಡಿಸಿ ತಯಾರು ಮಾಡ್ತೀನಿ ಬಾರೇ" ಎಂದಳು. ಆ ಮಾತಿಗೇ ಉರಿದು ಮತ್ತೆ ಅರ್ಜಿ ಹಾಕಲಿಲ್ಲ. ಯಾದವಗಿರಿಯ ಶಾಲೆಯೊಂದರಲ್ಲಿ ಗುಮಾಸ್ತೆಯಾದೆ. ಅಲ್ಲೂ ನಾನು "ಪೊಲೀಸ್ ಮೇಡಂ ತಂಗಿ"ಯೇ.

ಅಕ್ಕ ಮನೆಗೆ ಬರುವುದೇ ಅಪರೂಪ. ಬಂದರೂ "ಐದೇ ನಿಮಿಷ ಕಣಮ್ಮ" ಎಂದು ನಿಂತೇ ತಿನ್ನುತ್ತಿದ್ದಳು. ಆ ಐದು ನಿಮಿಷಕ್ಕೆ ಅಪ್ಪ ಟಿವಿ ಆರಿಸುತ್ತಿದ್ದರು. ದಿನವೂ ಅವರ ಮಾತ್ರೆ ಎಣಿಸಿ ಕೊಡುವವಳು ನಾನು.

ತನ್ನ ಮದುವೆ ಮುಂದೂಡಿ ನನ್ನದನ್ನು ಮೊದಲು ಮಾಡಿಸಿದವಳು ಅವಳೇ. ಮುಹೂರ್ತಕ್ಕೆ ಸರಿಯಾಗಿ ಖಾಕಿಯಲ್ಲೇ ಛತ್ರದೊಳಗೆ ಬಂದಳು. ನೆಂಟರೆಲ್ಲ ಮಂಟಪಕ್ಕೆ ಬೆನ್ನು ಹಾಕಿ ಅವಳತ್ತ ತಿರುಗಿದರು.

"ಇವತ್ತೊಂದಿನನಾದ್ರೂ ಜನ ನನ್ನನ್ನ ನೋಡೋಕೆ ಬಿಡಬಾರದಿತ್ತೇನೇ?" ಎಂದೆ, ಹಲ್ಲು ಕಚ್ಚಿ.

ಅವಳ ಮುಖ ಸಣ್ಣಗಾಯಿತು. "ಬಂದೋಬಸ್ತಿನಿಂದ ಸೀದಾ ಬಂದ್ಬುಟ್ಟೆ ಕಣೇ. ಸೀರೆ ಉಡೋಕೆ ಹೋಗಿದ್ರೆ ನೀನು ತಾಳಿ ಕಟ್ಟಿಸಿಕೊಳ್ಳೋದನ್ನ ನೋಡೋದು ತಪ್ಪೋಗ್ತಿತ್ತು."

ನನ್ನ ಕೊರಳಿಗೆ ತಾಳಿ ಬಿದ್ದ ಕೂಡಲೇ ಊಟ ಮಾಡದೆ ಹೊರಟುಹೋದಳು. ನಾನು ಕರೆಯಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಇಲವಾಲದ ಹತ್ತಿರ ಸ್ಕೂಟರೊಂದು ಉರುಳಿತ್ತು. ಹುಣಸೂರು ರಸ್ತೆಯ ನಡುವೆ ತಾಯಿ, ಪುಟ್ಟ ಮಗಳು ಬಿದ್ದಿದ್ದರು. ಅಕ್ಕ ಜೀಪು ನಿಲ್ಲಿಸಿ ಓಡಿದಳು. ತಾಯಿಯನ್ನು ಕಾನ್‌ಸ್ಟೆಬಲ್ ಕೈಗೆ ಕೊಟ್ಟು ಮಗುವನ್ನು ಎತ್ತಿಕೊಳ್ಳುವಾಗ ಲಾರಿ ನುಗ್ಗಿ ಬಂತು. ಮಗುವನ್ನು ರಸ್ತೆಯಂಚಿಗೆ ದೂಡುವಷ್ಟು ಹೊತ್ತು ಸಿಕ್ಕಿತು. ತಾನು ಸರಿಯುವಷ್ಟು ಸಿಗಲಿಲ್ಲ.

ಅಕ್ಕನ ಅಂತ್ಯಕ್ರಿಯೆಯಲ್ಲಿ ಗೌರವಕ್ಕೆ ಗುಂಡು ಹಾರಿಸಿದಾಗ ಅಪ್ಪ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಅಳುತ್ತಿದ್ದ ನನಗೆ ಆಗಲೂ ಅನ್ನಿಸಿತು, ನಾನು ಸತ್ತರೆ ಅಪ್ಪ ಹೀಗೆ ನಿಲ್ಲುತ್ತಾರೆಯೇ ಎಂದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಅನ್ನಿಸಿದ್ದು ನಿಜ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಆ ತಾಯಿ ಕೈಗೆ ಪಟ್ಟಿ ಕಟ್ಟಿಕೊಂಡೇ ಮಗಳ ಜೊತೆ ಬಂದಳು. ಗೇಟಿನಲ್ಲಿ ನಾನಿದ್ದೆ. ನನ್ನದೂ ಅಕ್ಕನದೂ ಒಂದೇ ಮುಖದಚ್ಚು. ಮಗು ನನ್ನನ್ನು ಕಂಡದ್ದೇ ಅಮ್ಮನ ಕೈ ಬಿಡಿಸಿಕೊಂಡು ಓಡಿಬಂದು ಕಾಲು ತಬ್ಬಿಕೊಂಡಿತು.

"ಪೊಲೀಸ್ ಆಂಟಿ!"

ತಲೆಯೆತ್ತಿ ನನ್ನನ್ನೇ ನೋಡುತ್ತಿತ್ತು. ಊರೆಲ್ಲ ಅಕ್ಕನನ್ನು ಹಾಗೆ ನೋಡುವಾಗ ಪಕ್ಕದಲ್ಲಿ ನಿಂತು ಬೆಂದವಳು ನಾನು. ಕಾಲು ತಬ್ಬಿದ್ದ ಕೈಗಳನ್ನು ಮೆಲ್ಲಗೆ ಬಿಡಿಸಿದೆ. ಆಮೇಲೆ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ನಾನಲ್ಲ ಕಣಮ್ಮ," ಎಂದೆ. "ಅವಳು ನಮ್ಮಕ್ಕ."