ಬ್ರೇಕ್ ಮೇಷ್ಟ್ರ ಎರಡು ನಿಮಿಷದ ಕೊಲೆ

ಬೇರೆಯವರಿಗೆ ಕೋಪ ಮೂಗಿನ ತುದಿಯಲ್ಲಿದ್ದರೆ ಬ್ರೇಕ್ ಮೇಷ್ಟ್ರಿಗೆ ಅದು ಬಲಗಾಲಿನಲ್ಲಿತ್ತು. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದಲ್ಲ, ಇವರ ಕಾರಿನಲ್ಲಿ ಅದರ ರಬ್ಬರು ಸವೆದು ಬರೀ ತಗಡು ಉಳಿದಿತ್ತು. ಕಲಿಯುವವನು ತಪ್ಪು ಮಾಡಿದ ಮೇಲೆ ಬ್ರೇಕ್ ಒತ್ತುವುದು ಬೇರೆ ಮೇಷ್ಟ್ರುಗಳ ಪದ್ಧತಿ. ತಪ್ಪು ಮಾಡುವ ಮುಂಚೆಯೇ ಒತ್ತುವುದು ಇವರ ಪದ್ಧತಿ. "ಮುಂದೆ ಏನಾಗುತ್ತೆ ಅಂತ ನಂಗೆ ಗೊತ್ತು. ಅದು ಆಗೋವರೆಗೂ ಬಾಯಿ ಬಿಟ್ಕೊಂಡು ನೋಡ್ತಾ ಕೂರೋಕೆ ನಂಗೇನು ತಲೆ ಕೆಟ್ಟಿದ್ಯಾ?" ಎನ್ನುತ್ತಿದ್ದರು.

ಹರೆಯದಲ್ಲಿ ಲಾರಿ ಓಡಿಸಿ, ಮದುವೆಯಾದ ಮೇಲೆ ಒಬ್ಬ ಡಾಕ್ಟರ ಕಾರು ಓಡಿಸಿ, ಮಗಳು ಹುಟ್ಟಿದ ಮೇಲೆ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡು ಸ್ವಂತ ಸ್ಕೂಲು ತೆರೆದವರು ಅವರು. ಅಂದಿನಿಂದ ದಿನಬೆಳಗಾದರೆ ಕೂಗಾಟ. ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ಹೇಳಿ ಹೇಳಿ ಗಂಟಲು ಕಟ್ಟಿಹೋಗಿತ್ತು. ಆದರೆ ಅವರ ಕೈಯಲ್ಲಿ ಕಲಿತವರು ಟೆಸ್ಟಿನಲ್ಲಿ ಫೇಲಾದದ್ದೇ ಅಪರೂಪ, ಅದು ಅವರ ಹೆಮ್ಮೆ. ಹಾಗೆ ಪಾಸಾದವರಲ್ಲಿ ಅರ್ಧಕ್ಕರ್ಧ ಜನ ಆಮೇಲೆ ಸ್ಟಿಯರಿಂಗ್ ಮುಟ್ಟಲೇ ಇಲ್ಲ, ಕಾರು ಕೊಂಡವರೂ ಅದಕ್ಕೆ ಹೊದಿಕೆ ಹೊದಿಸಿ ಆಟೋದಲ್ಲಿ ಓಡಾಡುತ್ತಾರೆ ಎಂಬುದು ಮಾತ್ರ ಮೇಷ್ಟ್ರಿಗೆ ತಿಳಿಯದು. ಅದು ಗೊತ್ತಿದ್ದದ್ದು ಮನೆಯಲ್ಲೇ ಬಟ್ಟೆ ಹೊಲಿಯುವ ಅವರ ಹೆಂಡತಿಗೆ. ಅಳತೆ ಕೊಡಲು ಬಂದ ಹೆಂಗಸರು ಹೇಳಿಕೊಳ್ಳದ ಕಷ್ಟ ಯಾವುದಿದೆ?

ಮಗಳಿಗೂ ಒಮ್ಮೆ ಕಲಿಸಲು ಹೋಗಿದ್ದರು. ವಾರ ತುಂಬುವುದರೊಳಗೆ ಅವಳು "ನಂಗೆ ಬಸ್ಸೇ ಸಾಕು" ಎಂದು ಇಳಿದುಹೋಗಿದ್ದಳು. ಈಗ ಆ ಮಗಳು ಕಾಲೇಜಿನಲ್ಲಿ ಸಿನಿಮಾ ಮಾಡುವುದನ್ನು ಓದುತ್ತಿದ್ದಳು. "ಸಿನಿಮಾ ಬಿಟ್ಟು ಓದ್ಕೋ ಅಂತ ಎಲ್ಲ ಅಪ್ಪಂದಿರೂ ಬೈತಾರೆ. ನಾನು ಏನಂತ ಬೈಲಿ?" ಎಂದು ಮೇಷ್ಟ್ರು ಹೆಂಡತಿಯ ಮುಂದೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಬೈಯಲು ಈಗ ಕಾರಣವೂ ಇತ್ತು. ಹಿಂದಿನ ವರ್ಷ ಮಗಳು ಒಂದು ವಿಷಯದಲ್ಲಿ ಫೇಲಾಗಿದ್ದಳು. ಥ್ರಿಲ್ಲರ್ ಸಿನಿಮಾದ ಆರಂಭದ ದೃಶ್ಯವೊಂದನ್ನು ಮಾಡಿ ಒಪ್ಪಿಸುವುದು ಅದರ ಪರೀಕ್ಷೆ. ಜೊತೆಗಿದ್ದ ಮೂವರು ಹೀರೊ ಯಾರಾಗಬೇಕೆಂದು ಕಿತ್ತಾಡಿಕೊಂಡು, ಕೊನೆಗೆ ಚಿತ್ರವೂ ಇಲ್ಲ, ಸ್ನೇಹವೂ ಇಲ್ಲ. ಈ ಸಲವೂ ಪಾಸಾಗದಿದ್ದರೆ ಕೋರ್ಸಿನಿಂದಲೇ ಹೊರಗೆ, ಕಾಲೇಜಿನ ನಿಯಮ. ಅದಕ್ಕೇ ಈ ಬಾರಿ ಯಾರ ಸಹವಾಸವೂ ಬೇಡವೆಂದು ಅವಳು ಒಬ್ಬಳೇ ನಿಂತಿದ್ದಳು.

"ಎಷ್ಟುದ್ದದ ಸಿನಿಮಾ?" ಎಂದು ಮೇಷ್ಟ್ರು ಕೇಳಿದರು.

"ಎರಡು ನಿಮಿಷ."

"ಅಷ್ಟರಲ್ಲಿ ಕಥೆ ಮುಗಿಯುತ್ತಾ?"

"ಮುಗಿಯಲ್ಲಪ್ಪ. ಬರೀ ಶುರು ಅಷ್ಟೇ. ಮುಂದಿನದು ಇರೋದೇ ಇಲ್ಲ."

"ಕೊಲೆ ಮಾಡಿದ್ದು ಯಾರು, ಯಾಕೆ, ಏನೂ ಗೊತ್ತಾಗಲ್ವಾ? ಮತ್ತೆ ನೋಡೋನು ಯಾಕೆ ನೋಡ್ಬೇಕು?"

"ಮುಂದೆ ಏನಾಗುತ್ತೋ ಅಂತ ಹೆದರಿಕೆ ಹುಟ್ಟಬೇಕು. ಅದಕ್ಕೇ ಮಾರ್ಕ್ಸು."

"ಆ ಹೆದರಿಕೆ ನಂಗೆ ದಿನಾ ಬೆಳಗ್ಗೆ ಮೊದಲನೇ ಪಾಠಕ್ಕೇ ಹುಟ್ಟುತ್ತೆ. ಯಾವನೂ ಮಾರ್ಕ್ಸು ಕೊಟ್ಟಿಲ್ಲ," ಎಂದರು ಮೇಷ್ಟ್ರು.

ಚಿತ್ರ ಮಾಡಿದರೆ ಸಾಲದು. ಅದನ್ನು ತರಗತಿಯ ಮುಂದೆ ತೋರಿಸಿ, ಪರೀಕ್ಷಕರ ಎದುರು ನಿಂತು, ಎಲ್ಲಿ ಗೆದ್ದೆ ಎಲ್ಲಿ ಸೋತೆ ಎಂದು ಮಾಡಿದವಳೇ ಹೇಳಬೇಕು. ಅರ್ಧ ಅಂಕ ಅದಕ್ಕೆ. ಗೋಡೆಗೆ ಗುದ್ದಿದ ಮೇಲೂ "ನಾನು ಸರಿಯಾಗೇ ಬಿಟ್ಟೆ, ಗೋಡೆನೇ ಅಡ್ಡ ಬಂತು" ಎನ್ನುವವರನ್ನು ನೋಡಿ ನೋಡಿ ಸಾಕಾಗಿದ್ದ ಮೇಷ್ಟ್ರಿಗೆ, ತನ್ನ ತಪ್ಪನ್ನು ತಾನೇ ಹೇಳುವ ಈ ಪರೀಕ್ಷೆಯ ಮೇಲೆ ಒಂದಿಷ್ಟೂ ನಂಬಿಕೆ ಬರಲಿಲ್ಲ.

ಕೊಲೆಗಾರನ ವೇಷಕ್ಕೆ ಒಪ್ಪಿಕೊಂಡಿದ್ದವನು ಸಹಪಾಠಿಯೊಬ್ಬಳ ಅಣ್ಣ. ನಾಳೆ ಶೂಟಿಂಗ್ ಎನ್ನುವಾಗ ಅವನು ಕೈಕೊಟ್ಟ. ಮಗಳು ಊಟ ಬಿಟ್ಟು ಮೂಲೆ ಹಿಡಿದು ಕೂತಳು. ಹೊಲಿಗೆ ಯಂತ್ರದ ಹಿಂದಿನಿಂದ ಅಮ್ಮ, "ನಿಮ್ಮಪ್ಪನ್ನೇ ಹಾಕ್ಕೋ. ಹೇಗಿದ್ರೂ ಅವರ ಕಾರೇ ಬೇಕಲ್ಲ. ಬೇರೆ ಯಾರಾದ್ರೂ ಅದನ್ನ ಓಡಿಸಿದ್ರೆ ನಿಜವಾಗ್ಲೂ ಕೊಲೆ ಆಗುತ್ತೆ," ಎಂದಳು. ಮೇಷ್ಟ್ರು ಬೇಡ ಬೇಡ ಎನ್ನುತ್ತಲೇ ಕನ್ನಡಿಯ ಮುಂದೆ ಹೋಗಿ ಮೀಸೆ ನೋಡಿಕೊಂಡರು. ಮಗಳು ತಾನಾಗಿ ಅವರ ಕಾರು ಹತ್ತುತ್ತೇನೆ ಎಂದು ಎಷ್ಟೋ ಕಾಲವಾಗಿತ್ತು, ಒಳಗೊಳಗೇ ಅವರಿಗೆ ಖುಷಿಯಾಗಿತ್ತು.

ಭಾನುವಾರ, ಮುಚ್ಚಿದ ಗೋಡೌನುಗಳ ಹಿಂದಿನ ಓಣಿ. ದೃಶ್ಯ ಸರಳ. ಒಬ್ಬ ಮನುಷ್ಯ ಕಾರಿನಲ್ಲಿ ಅವಸರವಾಗಿ ಓಣಿಗೆ ತಿರುಗುತ್ತಾನೆ, ಇಳಿಯುತ್ತಾನೆ, ಡಿಕ್ಕಿಯಿಂದ ಗುದ್ದಲಿ ತೆಗೆಯುತ್ತಾನೆ. ಯಾರೋ ನೋಡಿದಂತಾಗಿ ತಲೆ ಎತ್ತಿದರೆ ಮೇಲೊಂದು ಕಿಟಕಿಯ ಪರದೆ ಅಲುಗುತ್ತದೆ. ಪರದೆಯ ಹಿಂದೆ ನಿಲ್ಲುವ ಕೆಲಸ ಅಮ್ಮನದು. ಕಾರಿನ ನೆತ್ತಿಯ ಮೇಲಿದ್ದ ಸ್ಕೂಲಿನ ಬೋರ್ಡು ಬಿಚ್ಚಿಟ್ಟರು. ಹಿಂದೆ ಮುಂದೆ ಅಂಟಿಸಿದ್ದ ಕೆಂಪು 'ಎಲ್' ಅಕ್ಷರದ ಮೇಲೆ ಕಂದು ಕಾಗದ ಮೆತ್ತಿದರು.

ಮೊದಲ ಶಾಟಿನಲ್ಲಿ ಮೇಷ್ಟ್ರು ಕಾರನ್ನು ನಿಧಾನಕ್ಕೆ ತಂದು, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಓಣಿಗೆ ತಿರುಗಿಸಿದರು.

"ಅಪ್ಪಾ, ಇಂಡಿಕೇಟರ್ ಬೇಡ. ನೀವೀಗ ಒಬ್ಬನ್ನ ಕೊಂದು ಬಂದಿದ್ದೀರಿ."

"ಕೊಂದು ಬಂದೋನು ಇಂಡಿಕೇಟರ್ ಹಾಕ್ಬಾರ್ದು ಅಂತ ಎಲ್ಲಿದೆ? ಹಾಕದೆ ತಿರುಗಿಸಿದ್ರೇನೇ ಪೊಲೀಸ್ನೋರು ಹಿಡಿಯೋದು."

ಎರಡನೆಯ ಸಲ ಇಂಡಿಕೇಟರ್ ಹಾಕಲಿಲ್ಲ. ಆದರೆ ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಗೇರು ನ್ಯೂಟ್ರಲ್ಲಿಗೆ ಬಂತೇ ಎಂದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ, ಇಳಿದು, ಬಾಗಿಲು ಹಾಕಿ, ಹಾಕಿಕೊಂಡಿತೇ ಎಂದು ಎಳೆದು ನೋಡಿದರು. ಅಷ್ಟು ಹೊತ್ತಿಗೆ ಸತ್ತವನೂ ಎದ್ದು ಮನೆಗೆ ಹೋಗಿರಬಹುದಾಗಿತ್ತು. ಮೂರನೆಯ ಸಲ ಅವಸರವೇನೋ ಮಾಡಿದರು, ಆದರೆ ಅರ್ಧಕ್ಕೇ ಕೈ ಎತ್ತಿ, "ಕಟ್," ಎಂದರು.

"ಯಾಕಪ್ಪಾ?"

"ಕಾಲು ಜಾರೋ ಹಾಗಿತ್ತು."

"ಜಾರಿದ್ರೆ ಜಾರಲಿ. ಕಟ್ ಅನ್ನೋಳು ನಾನು."

"ಜಾರಿದ ಮೇಲೆ ಅಂದು ಏನು ಪ್ರಯೋಜನ?"

ಅಲ್ಲಿಂದ ಮುಂದೆ ಅದೇ ಹಾಡು. ಗುದ್ದಲಿ ಡಿಕ್ಕಿಗೆ ತಗುಲುತ್ತದೆ ಎನಿಸಿದರೆ ಕಟ್. ಬಿಸಿಲು ಮೋಡದೊಳಗೆ ಹೋಗುವಂತಿದ್ದರೆ ಕಟ್. ಹೆಂಡತಿ ಪರದೆಯನ್ನು ಜೋರಾಗಿ ಎಳೆಯುತ್ತಾಳೆ ಎನಿಸಿದರೆ, ಅವಳು ಎಳೆಯುವ ಮೊದಲೇ ಕಟ್. ಅವರು ಹಾಗೆಂದಾಗಲೆಲ್ಲ ಮಗಳ ಬೆರಳು ತಾನಾಗಿ ಕ್ಯಾಮೆರಾ ನಿಲ್ಲಿಸುತ್ತಿತ್ತು. ಒಂದು ಶಾಟೂ ಕೊನೆ ಮುಟ್ಟಲಿಲ್ಲ. ಅವಳು ದನಿ ಏರಿಸಿದ್ದರೆ ಮೇಷ್ಟ್ರಿಗೂ ಹಗುರವಾಗುತ್ತಿತ್ತೋ ಏನೋ. ಅವಳು "ಆಯ್ತಪ್ಪ, ಇನ್ನೊಂದ್ಸಲ" ಎನ್ನುವಳು, ಆ ಆಯ್ತಪ್ಪ ಕೇಳಿದರೆ ಅವರಿಗೆ ಮೈಯೆಲ್ಲಾ ಉರಿಯುವುದು. ಇಷ್ಟು ಮೆತ್ತಗಿದ್ದರೆ ಇವಳು ಯಾವ ಸಿನಿಮಾ ಮಾಡುತ್ತಾಳೆ, ಇನ್ನು ಇವಳ ಗತಿಯೇನು ಎಂದು ಅವರ ತಲೆ ಬಿಸಿಯಾಯಿತು.

ಕೊನೆಗೆ ಒಳಗಿನ ಶಾಟು ಎಂದು ಮಗಳು ಕ್ಯಾಮೆರಾ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು. ಮೇಷ್ಟ್ರು ಸುಮ್ಮನೆ ಮುಂದೆ ನೋಡುತ್ತಿರಬೇಕು, ಅಷ್ಟೇ. ಅದನ್ನೂ ಅವರೇ ಕಟ್ ಮಾಡಿದರು. ಕೆಳಗಿಳಿದು ಬಂದಿದ್ದ ಹೆಂಡತಿ ಕಾರಿನ ಪಕ್ಕ ನಿಂತು, "ಸಾಕು ಬಿಡ್ರೀ, ಮಗು ಸುಸ್ತಾಗಿದೆ," ಎಂದಳು. ಮೇಷ್ಟ್ರು ಒಳಗಿನ ಕನ್ನಡಿಯತ್ತ ಕಣ್ಣೆತ್ತಿದರು. ಹಾಗೇ ಸ್ವಲ್ಪ ಹೊತ್ತು ಕೂತು, ಇಂಡಿಕೇಟರ್ ಹಾಕಿ, ಮನೆಗೆ ತಿರುಗಿಸಿದರು.

ಆಮೇಲಿನ ದಿನಗಳಲ್ಲಿ ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಎಡಿಟಿಂಗಿಗೆ ಕೂತಳು. ಬಾಗಿಲ ಸಂದಿಯಿಂದ ಮೇಷ್ಟ್ರಿಗೆ ತಮ್ಮದೇ ದನಿ ಕೇಳುತ್ತಿತ್ತು. ಕಟ್. ಕಟ್. ಯಾಕೆ ಪರದೆ ಹಾಗೆ ಎಳೀತೀಯ, ಕಟ್. ಹೊರಗೆ ನಿಂತು, "ಚೆನ್ನಾಗಿರೋದನ್ನೆಲ್ಲ ಸೇರಿಸಿದೀಯ ತಾನೆ?" ಎಂದು ಕೇಳುವರು. ಒಳಗಿನಿಂದ, "ಹೂಂ, ಅಪ್ಪ," ಎಂದು ಬರುವುದು.

ಪರೀಕ್ಷೆಯ ದಿನ ನಟಿಸಿದವರೂ ಬಂದು ಕೂರಬಹುದು ಎಂದು ಕಾಲೇಜಿನವರು ಹೇಳಿದ್ದರು. ಕರೆಯದಿದ್ದರೂ ಮೇಷ್ಟ್ರು ಹೋಗುತ್ತಿದ್ದರೆನ್ನಿ. ತಾನಿಲ್ಲದಿದ್ದರೆ ಅವಳು ಏನಾದರೂ ಎಡವಟ್ಟು ಮಾಡಿಕೊಳ್ಳುತ್ತಾಳೆಂದು ಅವರಿಗೆ ಖಾತ್ರಿಯಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಬೆಂಚಿನಲ್ಲಿ ಕೂತರು. ಮುಂದಿನ ಸಾಲಿನಲ್ಲಿ ಮಗಳ ಟೀಚರು, ಅವರ ಪಕ್ಕ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು. ಇವರ ಮಗಳಿಗಿಂತ ಮುಂಚೆ ಬೇರೆ ಹುಡುಗರ ಚಿತ್ರಗಳು ಬಂದವು. ಎಲ್ಲದರಲ್ಲೂ ಅಂಗಿಯ ಟೊಪ್ಪಿಗೆಯಲ್ಲಿ ಮುಖ ಮರೆಸಿಕೊಂಡವನೊಬ್ಬ ನಡೆಯುತ್ತಾನೆ, ಹುಡುಗಿಯೊಬ್ಬಳು ಲೈಟು ಹಾಕದೆ ಮನೆಯೆಲ್ಲ ಸುತ್ತುತ್ತಾಳೆ. "ಸ್ವಿಚ್ ಒತ್ತೋಕೇನು ರೋಗ ಇವಳಿಗೆ?" ಎಂದು ಮೇಷ್ಟ್ರು ಗೊಣಗಿದ್ದು ಎರಡು ಬೆಂಚಿನಾಚೆಗೂ ಕೇಳಿಸಿತು.

ಆಮೇಲೆ ಮಗಳ ಚಿತ್ರ. ಕಾರು ಓಣಿಗೆ ತಿರುಗಿತು, ಇಂಡಿಕೇಟರ್ ಮಿನುಗಿತು, ತರಗತಿ ಕಿಸಕ್ಕೆಂದಿತು. ಮೇಷ್ಟ್ರು ಡಿಕ್ಕಿಯ ಹತ್ತಿರ ಬಂದಾಗ ಕಂದು ಕಾಗದ ಗಾಳಿಗೆ ಮೇಲೆದ್ದು ಕೆಂಪು 'ಎಲ್' ಇಣುಕಿತು. "ಕೊಲೆ ಕಲೀತಿದಾನೆ ಕಣ್ರೋ," ಎಂದು ಯಾರೋ ಅಂದದ್ದೇ ತಡ, ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರ ಕಿವಿ ಬಿಸಿಯಾಯಿತು. ಮುಗಿಯಿತು ಇವಳ ಕೋರ್ಸು, ನನ್ನಿಂದಲೇ ಮುಗಿಯಿತು ಎಂದುಕೊಂಡರು.

ಆಗ ತೆರೆಯ ಮೇಲೆ ಕಾರಿನ ಒಳಗಿನ ಕನ್ನಡಿ ಬಂತು. ಕನ್ನಡಿಯಲ್ಲಿ ಎರಡು ಕಣ್ಣು. ಅವು ಹಿಂದಿನ ಸೀಟಿನಲ್ಲಿದ್ದ ಯಾರನ್ನೋ ನೋಡುತ್ತಿದ್ದವು. ರೆಪ್ಪೆ ಬಡಿಯಲಿಲ್ಲ. ಬೈಗುಳವಿಲ್ಲ, ಕೂಗಾಟವಿಲ್ಲ, ನೀನು ಯಾವ ಕೆಲಸಕ್ಕೂ ಬರುವವಳಲ್ಲ ಎಂದು ಎಂದೋ ತೀರ್ಮಾನಿಸಿಬಿಟ್ಟ ನೋಟ. ಅದು ಹಾಗೇ ಇತ್ತು, ಸರಿಯಲೇ ಇಲ್ಲ. ನಗು ನಿಂತಿತು. ಮುಂದಿನ ಬೆಂಚಿನ ಹುಡುಗಿ ಪಕ್ಕದವಳ ತೋಳು ಹಿಡಿದುಕೊಂಡಳು. ತೆರೆ ಕಪ್ಪಾಯಿತು.

ಆ ಶಾಟು ಯಾವಾಗ ಕೊಟ್ಟೆ ಎಂದು ಮೇಷ್ಟ್ರು ತಲೆ ಕೆರೆದುಕೊಂಡರು, ನೆನಪಾಗಲಿಲ್ಲ.

ಮಗಳು ಎದ್ದು ಮುಂದೆ ನಿಂತಳು. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, "ಒಂದು ಶಾಟೂ ಪೂರ್ತಿ ಇಲ್ಲವಲ್ಲಮ್ಮ. ಎಲ್ಲ ಅರ್ಧಕ್ಕೇ ನಿಲ್ಲುತ್ತೆ. ಯಾಕೆ?" ಎಂದರು.

ಮಗಳು ಉತ್ತರ ಹುಡುಕುತ್ತಿದ್ದಳು. ಮೇಷ್ಟ್ರಿಗೆ ತಡೆಯಲಾಗಲಿಲ್ಲ, ಎದ್ದೇಬಿಟ್ಟರು. "ಸಾರ್, ಅದು ಏನಾಯ್ತು ಅಂದ್ರೆ..."

"ಅಪ್ಪಾ, ಕೂತ್ಕೊಳ್ಳಿ. ಕೇಳಿದ್ದು ನನ್ನ."

ದನಿ ಏರಿರಲಿಲ್ಲ. ಮೇಷ್ಟ್ರು ಕೂತರು. ಹಾಗೆ ಅವರನ್ನು ಯಾರೂ ಕೂರಿಸಿರಲಿಲ್ಲ.

"ನಾನು ನಿರ್ದೇಶನ ಮಾಡಲಿಲ್ಲ ಸಾರ್," ಎಂದಳು ಮಗಳು. "ನಟರು ಕಟ್ ಅಂದಾಗಲೆಲ್ಲ ಕ್ಯಾಮೆರಾ ನಿಲ್ಲಿಸಿದೆ. ನಿಲ್ಲಿಸಬಾರದಾಗಿತ್ತು. ಕಾಲು ಜಾರಿದ್ರೆ ಜಾರಿದ ಶಾಟಾದ್ರೂ ಸಿಗ್ತಿತ್ತು. ನಗು ಬಂದ ಕಡೆಯೆಲ್ಲ ತಪ್ಪು ನಂದೇ. ಇಂಡಿಕೇಟರ್ ಇಲ್ಲದ ಶಾಟನ್ನ ನಾನೇ ಮಸುಕಾಗಿ ತೆಗೆದಿದ್ದೆ, ಕಾಗದ ಎದ್ದದ್ದು ನಾನು ಅಲ್ಲಿ ನೋಡ್ಲೇ ಇಲ್ಲ."

ಟೀಚರು ಏನೋ ಬರೆದುಕೊಂಡರು. ಪರೀಕ್ಷಕರು ಮುಂದಕ್ಕೆ ಬಾಗಿದರು. "ಆ ಕೊನೇ ಶಾಟು ಮಾತ್ರ ಪೂರ್ತಿ ಇದೆ. ಹುಡುಗರ ಚಿತ್ರದಲ್ಲಿ ಇಂಥದ್ದು ನಾನು ನೋಡಿಲ್ಲ. ಆ ನೋಟ ಬರಿಸೋಕೆ ನಟರಿಗೆ ಏನು ಹೇಳಿದ್ರಿ?"

"ಏನೂ ಹೇಳಲಿಲ್ಲ ಸಾರ್. ಅವರು ಕಟ್ ಅಂದಿದ್ರು. ಅದೊಂದ್ಸಲ ನಾನು ನಿಲ್ಲಿಸಲಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ."

"ಮತ್ತೆ ಯಾರನ್ನ ನೋಡ್ತಿದ್ರು?"

"ನನ್ನನ್ನ."

ಪರೀಕ್ಷಕರು ಅಂಕಪಟ್ಟಿಯತ್ತ ಬಗ್ಗಿದರು. ಹಿಂದಿನ ಬೆಂಚಿನತ್ತ ತಿರುಗಲು ಹೋದ ಹುಡುಗರು ಅರ್ಧಕ್ಕೇ ಕತ್ತು ವಾಪಸ್ಸು ಎಳೆದುಕೊಂಡರು. ಮೇಷ್ಟ್ರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಸಂಜೆ ಮಗಳು ಪಾಸೆಂದು ಗೊತ್ತಾಯಿತು. ಚಿತ್ರಕ್ಕೆ ಸಾಧಾರಣ ಅಂಕ, ತನ್ನ ತಪ್ಪು ತಾನು ಹೇಳಿದ್ದಕ್ಕೆ ಇಡೀ ತರಗತಿಯಲ್ಲೇ ಹೆಚ್ಚು. ಟೀಚರು ಬಂದು ಮೇಷ್ಟ್ರ ಕೈಕುಲುಕಿ, "ಏನ್ ಆ್ಯಕ್ಟಿಂಗ್ ಸಾರ್, ಮೈ ನಡುಗಿಹೋಯ್ತು," ಎಂದರು. ಮೇಷ್ಟ್ರು ನಗಲು ನೋಡಿದರು, ಆಗಲಿಲ್ಲ.

ಕಾರು ಹತ್ತಿ ಮಗಳು ಪಕ್ಕದ ಸೀಟಿನಲ್ಲಿ ಕೂತಳು. ಮೇಷ್ಟ್ರು ಕೀಲಿ ಹಾಕಿದರು, ಆದರೆ ತಿರುಗಿಸಲಿಲ್ಲ. ಕಾಲೇಜಿನ ಗೇಟಿನಲ್ಲಿ ಹುಡುಗರು ಗುಂಪುಗುಂಪಾಗಿ ಹೊರಗೆ ಹೋಗುತ್ತಿದ್ದರು.

"ನಾನು ದಿನಾ ನಿನ್ನ ಹಾಗೇನಾ ನೋಡೋದು?" ಎಂದು ಕೇಳಿದರು.

ಮಗಳು ಸ್ವಲ್ಪ ಯೋಚಿಸಿದಳು. ಸಮಾಧಾನ ಹೇಳಲು ಅಲ್ಲ, ಸರಿಯಾಗಿ ಹೇಳಲು.

"ಇಲ್ಲಪ್ಪ," ಎಂದಳು. "ಅವತ್ತು ಅಮ್ಮ ಪಕ್ಕದಲ್ಲಿದ್ದಳಲ್ಲ, ಸ್ವಲ್ಪ ಕಡಿಮೆ ಇತ್ತು."