ಸಹಿ ಹಾಕಲು ಯಾರನ್ನು ಕೇಳಲಿ?

"ಬೆನ್, ಸೈನ್ ಕರೋ. ದೇರ್ ಮತ್ ಕರೋ," ಎಂದು ಅವಸರಪಡಿಸಿದರು ಡಾಕ್ಟರು, ಒಪ್ಪಿಗೆಯ ಫಾರಂ ಮುಂದೆ ಹಿಡಿದು. (ಗುಜರಾತಿನಲ್ಲಿ ಹೆಂಗಸರೆಲ್ಲರೂ 'ಬೆನ್', ಅಂದರೆ ಅಕ್ಕ.)

ನಾನು ಏನು ಮಾಡಿದೆ ಗೊತ್ತೇ? ಆ ಫಾರಂನ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ!

ನಗಬೇಡಿ. ಹನ್ನೆರಡು ವರ್ಷದ ಮಗಳು ಸ್ಟ್ರೆಚರಿನ ಮೇಲೆ ಹೊಟ್ಟೆ ಹಿಡಿದುಕೊಂಡು ಮುದುಡಿದ್ದಾಳೆ. ಅಪೆಂಡಿಕ್ಸ್ ಒಡೆಯುವ ಹಾಗಿದೆಯಂತೆ, ಈಗಲೇ ಆಪರೇಷನ್ ಆಗಬೇಕಂತೆ. ಅಹಮದಾಬಾದಿನ ಮಣಿನಗರದ ಮನೆಯಿಂದ ಆಟೋದಲ್ಲಿ ಬರುವಾಗ ಬರೀ ಗ್ಯಾಸ್ ಅಂದುಕೊಂಡಿದ್ದೆ.

ಗಂಡನ ಕೆಲಸ ಸೂರತ್ತಿನ ಕೈಗಾರಿಕಾ ಪ್ರದೇಶ ಸಚಿನ್‌ನಲ್ಲಿ, ಕೆಮಿಕಲ್ ಫ್ಯಾಕ್ಟರಿಯಲ್ಲಿ. ಮನೆಗೆ ಬರುವುದು ವಾರಕ್ಕೊಮ್ಮೆ. ಪ್ಲಾಂಟಿನೊಳಗೆ ಮೊಬೈಲ್ ಒಯ್ಯುವಂತಿಲ್ಲ, ಗೇಟಿನಲ್ಲೇ ಲಾಕರಿಗೆ ಹಾಕಬೇಕು. ಹೀಗಾಗಿ ನಮ್ಮ ಮನೆಯ ನಿರ್ಧಾರಗಳೆಲ್ಲ ಅವರ ಊಟದ ಬಿಡುವಿನಲ್ಲೇ ಆಗುತ್ತವೆ. (ಕರ್ಟನ್ನಿನ ಬಣ್ಣ, ಟ್ಯೂಷನ್ನು, ಸೋರುವ ನಲ್ಲಿಗೆ ಪ್ಲಂಬರನ್ನು ಕರೆಯಬೇಕೋ ಬೇಡವೋ ಎಂಬುದೂ!) ಬೆಳಿಗ್ಗೆ ಫೋಟೋ ಕಳಿಸುತ್ತೇನೆ, ಮಧ್ಯಾಹ್ನ ಒಂದಕ್ಕೆ ಹೆಬ್ಬೆರಳಿನ ಚಿತ್ರ ಬರುತ್ತದೆ. ಅಲ್ಲಿಗೆ ನನ್ನ ತಲೆಬಿಸಿ ಮುಗಿಯಿತು.

ಆವತ್ತು ಇನ್ನೂ ಹತ್ತೂವರೆ. ಇವರಿಗೆ ಆರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಲಾಕರಿನೊಳಗೆ ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿತ್ತೇನೋ.

ಗ್ರೂಪಿನಲ್ಲಿ ಮಾತ್ರ ಉತ್ತರಗಳ ಸುರಿಮಳೆ. ಮೈಸೂರಿನಿಂದ ಭಾವನವರು: "ಇನ್ನೊಬ್ಬ ಡಾಕ್ಟರ್‌ನ ಕೇಳಮ್ಮ, ಅವಸರ ಮಾಡ್ಬೇಡ." ನನ್ನಮ್ಮ ಫೋನನ್ನೇ ಮಾಡಿದಳು: "ಇವತ್ತು ಅಮಾವಾಸ್ಯೆ ಕಣೇ! ನಾಳೆ ಮಾಡಿಸಿದ್ರೆ ಆಗಲ್ವಾ?"

ಒಬ್ಬರಾದರೂ 'ಸಹಿ ಹಾಕು' ಎನ್ನಬಾರದೇ? ಅನ್ನುವುದಿಲ್ಲ. ಹೆಚ್ಚುಕಡಿಮೆಯಾದರೆ ಮಾತು ಬರುತ್ತದಲ್ಲ! ನನಗೂ ಅದೇ ಭಯ. ಹಾಕದೆ ಕೂತರೆ ಇನ್ನೂ ಭಯ.

ಧೈರ್ಯವಾಗಿ ನಿರ್ಧಾರ ಮಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರೆಲ್ಲ ಅದನ್ನು ಎಲ್ಲಿ ಕಲಿತರು? ನಮ್ಮಪ್ಪ ಬ್ಯಾಂಕಿನವರು. ಟ್ರಾನ್ಸ್‌ಫರ್ ಆರ್ಡರ್ ಬಂದರೆ ಊರು, ಮನೆ, ಸ್ಕೂಲು ಎಲ್ಲವೂ ಆರ್ಡರ್ ಹೇಳಿದಂತೆ. ಆಮೇಲೆ ಮದುವೆ, ಆಮೇಲೆ ಹೆಬ್ಬೆರಳು. ಕರ್ಟನ್ನಿನ ಬಣ್ಣವನ್ನಾದರೂ ನಾನೇ ಆರಿಸಿ, ಒಂದೆರಡು ಸಲ ಕೆಟ್ಟದ್ದನ್ನೇ ತಂದು ಬೈಸಿಕೊಂಡಿದ್ದರೆ ಚೆನ್ನಾಗಿತ್ತು. ಸಣ್ಣ ತಪ್ಪುಗಳನ್ನೇ ಮಾಡದವಳು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ದಿಢೀರನೆ ಸರಿ ನಿರ್ಧಾರ ಮಾಡಬೇಕೆಂದರೆ ಆ ಧೈರ್ಯ ಎಲ್ಲಿಂದ ತರಲಿ?

ಸಾಲದ್ದಕ್ಕೆ ಫಾರಂ ಗುಜರಾತಿಯಲ್ಲಿತ್ತು. ಎಂಟು ವರ್ಷದಿಂದ ಅಹಮದಾಬಾದಿನಲ್ಲಿದ್ದೇನೆ, ಅಂಗಡಿ ಬೋರ್ಡು ಬಿಟ್ಟು ಮುಂದೆ ಹೋಗಿಲ್ಲ. ಮಗಳು ಸ್ಕೂಲಿನಲ್ಲಿ ಕಲಿತಿದ್ದಾಳೆ. (ಕನ್ನಡವೇ ಅವಳಿಗೆ ಅಷ್ಟಕ್ಕಷ್ಟೆ.)

"ಕೊಡು ಮಮ್ಮಿ, ನಾನು ಓದ್ತೀನಿ," ಎಂದು ಕೈ ಚಾಚಿದಳು. ಅಯ್ಯೋ, ಆ ನೋವಿನಲ್ಲಿ! ನಾಚಿಕೆಯಾಯಿತು. ಆದರೂ ಕೊಟ್ಟೆ.

ಒಂದೊಂದೇ ಸಾಲು ಓದಿ ಹೇಳಿದಳು. "ಬೇಹೋಶ್ ಮಾಡಕ್ಕೆ ಇಂಜೆಕ್ಷನ್ ಕೊಡ್ತಾರೆ. ಬ್ಲಡ್ ಬೇಕಾದ್ರೆ ಹಾಕ್ತಾರೆ..." ಅಲ್ಲಿಗೆ ನಿಲ್ಲಿಸಿದಳು.

"ಮುಂದೆ ಏನಿದೆ ಪುಟ್ಟಿ?"

"ಕುಛ್ ನಹೀ. ಸೇಮ್ ಸೇಮ್ ಬರ್ದಿದ್ದಾರೆ. ಸೈನ್ ಮಾಡು ನಾ, ತುಂಬಾ ನೋಯ್ತಿದೆ."

ಹಾಕಿದೆ. ಸ್ಟ್ರೆಚರು ಒಳಗೆ ಹೋಯಿತು. ಬೆಂಚಿನ ಮೇಲೆ ಕೂತು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಒಂದು ಗಂಟೆಗೆ ಗಾಬರಿಯಿಂದ ಫೋನ್ ಮಾಡಿದ ಇವರು, ಎಲ್ಲ ಕೇಳಿ, "ಸರಿಯಾಗೇ ಮಾಡಿದ್ದೀಯ ಬಿಡು," ಎಂದರು. ಗ್ರೂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. 'ಬ್ರೇವ್ ಲೇಡಿ' ಎಂದರು ಭಾವನವರು. ನಾನೂ ಸ್ವಲ್ಪ ಉಬ್ಬಿದೆ, ಸುಳ್ಳೇಕೆ ಹೇಳಲಿ?

ಡಿಸ್ಚಾರ್ಜ್ ದಿನ ಮೊಬೈಲಿನಲ್ಲಿದ್ದ ಆ ಫೋಟೋ ತೆಗೆದು, ಉಳಿದ ಸಾಲನ್ನು ನರ್ಸಿನ ಹತ್ತಿರ ಓದಿಸಿದೆ. ಜೀವಕ್ಕೂ ಅಪಾಯವಾಗಬಹುದು, ಅದು ಗೊತ್ತಿದ್ದೇ ಒಪ್ಪಿದ್ದೇನೆ ಎಂದಿತ್ತು.

"ಇದನ್ನ ಯಾಕೆ ಓದ್ಲಿಲ್ಲ ಪುಟ್ಟಿ?"

ಮಗಳು ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು, "ಓದಿದ್ರೆ ನೀನು ಮತ್ತೆ ಪಪ್ಪಂಗೆ ಫೋನ್ ಮಾಡ್ತಿದ್ದೆ."

ಈಗ ನೀವೇ ಹೇಳಿ, ಆ ದಿನ ನಮ್ಮಿಬ್ಬರಲ್ಲಿ ದೊಡ್ಡವರು ಯಾರು?