ಸುಳಿ ನೋಡಿ ಕೊಂಡ ನಾಯಿ

ಎಂಟು ನೂರು ರೂಪಾಯಿ ನಗದು, ಮೇಲೊಂದು ಹಳೆಯ ಟಾರ್ಪಾಲು. ನನ್ನ ನಾಯಿಗೆ ನಾನು ತೆತ್ತ ಬೆಲೆ ಇಷ್ಟು. ಬೀದಿಗಿಳಿದರೆ ಬಿಟ್ಟಿಯಾಗಿ ಬೆನ್ನು ಹತ್ತುವ ಪ್ರಾಣಿಗೆ ದುಡ್ಡು ಸುರಿದ ಪುಣ್ಯಾತ್ಮನೆಂದು ಹುಣಸೂರಿನ ಲಾರಿ ಸ್ಟ್ಯಾಂಡಿನಲ್ಲಿ ನನ್ನನ್ನು ಈಗಲೂ ಬೆರಳು ಮಾಡಿ ತೋರಿಸುವವರಿದ್ದಾರೆ. ತೋರಿಸಲಿ. ಬಿಟ್ಟಿ ಬಂದ ವಸ್ತುವಿನ ಮೇಲೆ ದೂರು ಹೇಳುವ ಹಕ್ಕು ಯಾರಿಗೂ ಇರುವುದಿಲ್ಲ. ನಾಲ್ಕು ಕಾಸಾದರೂ ಕೊಟ್ಟಿದ್ದರೆ ಮಾರಿದವರ ಬಾಗಿಲಿಗೆ ಹೋಗಿ ಗಂಟಲು ಹರಿಯುವಷ್ಟು ಜಗಳವಾಡಬಹುದು. ಈ ಘನವಾದ ಹಕ್ಕಿಗಾಗಿಯೇ ನಾನು ಜೀವಮಾನದಲ್ಲಿ ಯಾವುದನ್ನೂ ಬಿಟ್ಟಿಯಾಗಿ ತೆಗೆದುಕೊಂಡವನಲ್ಲ. ಹಾಗೆಂದು ಹೇಳಿದ ಬೆಲೆಗೆ ತೆಗೆದುಕೊಂಡವನೂ ಅಲ್ಲ.

ನಾಯಿಯ ಅಗತ್ಯ ಏಕೆ ಬಿತ್ತೆಂದರೆ, ಐವತ್ತೆಂಟನೆಯ ವಯಸ್ಸಿನಲ್ಲಿ ನಿದ್ರಾದೇವಿಗೆ ನನ್ನ ಮೇಲೆ ಅಕಾಲಿಕ ಅನುರಾಗ ಹುಟ್ಟಿತು. ಲಾರಿ ಓಡಿಸುವವರಿಗೆ ಇರುಳೇ ಶತ್ರು ಎಂದು ತಿಳಿದವರು ಹೇಳುತ್ತಾರೆ. ನನಗೆ ಇರುಳಿನೊಂದಿಗೆ ಯಾವ ತಕರಾರೂ ಇಲ್ಲ. ನನ್ನ ವೈರಿ ಮಧ್ಯಾಹ್ನದ ಎರಡು ಗಂಟೆ. ಒಂದು ರಾಗಿಮುದ್ದೆ ಹೊಟ್ಟೆಗೆ ಇಳಿಯಿತೆಂದರೆ ಕಣ್ಣಿನ ರೆಪ್ಪೆಗಳೂ ಅದರ ಹಿಂದೆಯೇ ಇಳಿಯಲು ಹೊರಡುತ್ತವೆ. ಹೋದ ವರ್ಷ ಹಾಗೆ ಇಳಿದಾಗ ನಾನು ಎಚ್ಚರಗೊಂಡದ್ದು ಹುಣಸೂರು ದಾರಿಯ ಪಕ್ಕದ ಒಂದು ಶುಂಠಿ ಹೊಲದ ನಟ್ಟನಡುವೆ. ಲಾರಿಯ ಮುಂಗಾಜಿನ ಆಚೆ ಹೊಲದ ಯಜಮಾನ ಕೈಮುಗಿದು ನಿಂತಿದ್ದ. ನಾನು ಬದುಕಿರುವುದಕ್ಕೆ ದೇವರಿಗೆ ಕೈಮುಗಿಯುತ್ತಿದ್ದಾನೆಂದು ಭಾವಿಸಿ ನನ್ನ ಕಣ್ಣು ತುಂಬಿ ಬಂತು. ಆತ ಕೇಳಿಕೊಳ್ಳುತ್ತಿದ್ದುದು ಗಾಡಿಯನ್ನು ಇನ್ನು ಒಂದಡಿಯೂ ಮುಂದೆ ಬಿಡಬೇಡಿ ಎಂದು.

ನನಗೆ ಒಂದು ಗೀರೂ ಬೀಳಲಿಲ್ಲ. ಆದರೆ ಮನೆಯಲ್ಲಿ ನನ್ನ ಹೆಂಡತಿ ಸುಂದ್ರಮ್ಮ ಅಂದೇ ತೀರ್ಪು ಹೊರಡಿಸಿದಳು. "ಇನ್ಮೇಲೆ ಪಕ್ಕದ ಸೀಟ್ನಲ್ಲಿ ಯಾರಾರ ಒಬ್ರು ಇರ್ಬೇಕು. ಇಲ್ಲಾಂದ್ರೆ ಲಾರಿ ಕೀ ಪುಟ್ರಾಜು ಕೈಗೆ ಕೊಟ್ಬುಡಿ. ನಂಗೆ ಲಾರಿ ಬ್ಯಾಡ, ಗಂಡ ಬೇಕು."

ಪುಟ್ಟರಾಜು ಅವಳ ತಮ್ಮ. ಪಿರಿಯಾಪಟ್ಟಣದಲ್ಲಿ ಶುಂಠಿ ವ್ಯಾಪಾರ ಮಾಡುವ, ಅಕ್ಕನ ಮಾತು ಮುಗಿಯುವ ಮೊದಲೇ ಹೌದೆನ್ನುವ ವಿನಯಶೀಲ. ನನ್ನ ಲಾರಿಯ ಮೇಲೆ ಅವನಿಗೆ ಬಹುದಿನಗಳ ಕಣ್ಣು. ತೀರ್ಪು ಬಂದ ವಾರದೊಳಗೆ ಅದರ ಹಿಂಬದಿಯ ಹಲಗೆಗೆ ತನ್ನ ಮಗಳ ಹೆಸರು ಬರೆಸಲು ಪೇಂಟರನ್ನೂ ವಿಚಾರಿಸಿದ್ದನಂತೆ. ಇಪ್ಪತ್ತು ವರ್ಷ ಕಂಡವರ ಗಾಡಿ ಓಡಿಸಿ, ಟೀಯನ್ನೂ ಅರ್ಧ ಲೋಟವೇ ಕುಡಿದು ಕೂಡಿಸಿ ಕೊಂಡ ಲಾರಿ ಅದು. ಅದು ಹೋದರೆ ನಾನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಹೋಗಿಬರುವ ಗಾಡಿಗಳ ಗೇರಿನ ಸದ್ದಿಗೆ ತಪ್ಪು ಹುಡುಕುವ ಮುದುಕರ ಪರಿಷತ್ತಿಗೆ ಸದಸ್ಯನಾಗಬೇಕಿತ್ತು.

ಪಕ್ಕದ ಸೀಟಿಗೆ ನಾನು ಮಾಡದ ಪ್ರಯೋಗವಿಲ್ಲ. ಕ್ಲೀನರ್ ಕೆಲಸಕ್ಕೆ ಈಗ ಯಾರೂ ಬರುವುದಿಲ್ಲ. ರೇಡಿಯೋ ಹಾಕಿದರೆ ಹಳೆಯ ಹಾಡುಗಳು ಜೋಗುಳವಾಗಿ ಪರಿಣಮಿಸಿದವು. ಪರಿಚಯದ ನಿವೃತ್ತ ಕಂಡಕ್ಟರೊಬ್ಬರನ್ನು ಕೂರಿಸಿಕೊಂಡೆ; ಅವರು ಮೂವತ್ತು ವರ್ಷದ ಅಭ್ಯಾಸಬಲದಿಂದ ಕೈ ಅಡ್ಡ ಹಾಕಿದವರಿಗೆಲ್ಲ "ಹೋಲ್ಡಾನ್" ಎಂದು ಕೂಗಿದ್ದರಿಂದ, ಬೆಟ್ಟದಪುರ ಸೇರುವಷ್ಟರಲ್ಲಿ ಹಿಂದೆ ತಂಬಾಕಿನ ಬೇಲುಗಳ ಮೇಲೆ ಏಳು ಜನ ಕೂತಿದ್ದರು. ಕಡೆಗೆ, ದೂರದ ಊರುಗಳಿಗೆ ಹೋಗುವ ಡ್ರೈವರುಗಳು ಕ್ಯಾಬಿನ್ನಿನಲ್ಲಿ ನಾಯಿ ಸಾಕುತ್ತಾರೆಂದು ಯಾರೋ ಹೇಳಿದರು. ನಾಯಿ ಸಂಬಳ ಕೇಳುವುದಿಲ್ಲ, ರಾಜಕೀಯ ಮಾತಾಡುವುದಿಲ್ಲ, ಬೀಡಿಗೆ ಬೆಂಕಿ ಕೇಳುವುದಿಲ್ಲ. ಮನಸ್ಸು ಅಲ್ಲಿಯೇ ನಿಂತಿತು.

ಈಗ ನನ್ನ ವಿದ್ವತ್ತಿನ ವಿಷಯಕ್ಕೆ ಬರುತ್ತೇನೆ. ನಮ್ಮಪ್ಪ ಎತ್ತಿನ ದಲ್ಲಾಳಿ. ಹಲ್ಲು ಹಿಡಿದು ವಯಸ್ಸು ಹೇಳುವುದು, ಬಾಲದ ನೀಳ ನೋಡಿ ಗುಣ ಹೇಳುವುದು, ಮೈಮೇಲೆ ಕೂದಲು ಸುತ್ತಿಕೊಂಡ ಸುಳಿ ನೋಡಿ ಕೊಂಡವನ ಮನೆ ಉದ್ಧಾರವಾಗುವುದೋ ಉರಿದುಹೋಗುವುದೋ ಎಂದು ಹೇಳುವುದು, ಇದು ನಮ್ಮ ವಂಶದ ವೇದ. ಈ ಲಾರಿಯನ್ನು ಕೊಳ್ಳುವಾಗಲೂ ನಾನು ಬಾನೆಟ್ಟಿನ ಮೇಲೆ ಅಂಗೈ ಆಡಿಸಿ ನೋಡಿದ್ದುಂಟು. ಇಂಥವನಿಗೆ ನಾಯಿ ಯಾವ ಲೆಕ್ಕ?

ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಮುದ್ದೆ ಹೋಟೆಲು ಇಟ್ಟಿರುವ ತಾಯಮ್ಮನ ಬೆಂಚಿನ ಕೆಳಗೆ ಒಂದು ಕೆಂದು ಬಣ್ಣದ ಹೆಣ್ಣುನಾಯಿ ಕಟ್ಟಿತ್ತು. ಹೆಸರು ಕೆಂಪಿ. ಹಾರನ್ ಕೇಳಿದರೆ ಕಿವಿ ನಿಮಿರುತ್ತಿತ್ತು. ನೋಟ ಸದಾ ರಸ್ತೆಯ ಮೇಲೆ. ಬಾಯಿ ತೆರೆಸಿ ನೋಡಿದೆ, ಹಲ್ಲೆಲ್ಲ ಗಟ್ಟಿ. ಬಾಲ ಹಿಡಿದೆ, ಕಚ್ಚಲಿಲ್ಲ. ಹಣೆಯ ನಡುವೆ ಅಂಗಾರ ಇಟ್ಟಂತೆ ಒಂದೇ ಒಂದು ದುಂಡು ಸುಳಿ. ಎತ್ತಿಗೆ ಇದ್ದಿದ್ದರೆ ರಾಜಸುಳಿ ಎಂದು ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಹತ್ತು ಹೆಜ್ಜೆ ನಡೆಸಿ ಹಿಂಗಾಲಿನ ಊರುವಿಕೆಯನ್ನೂ ಪರಾಮರ್ಶಿಸಿದೆ. ಮುದ್ದೆ ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿ ನನ್ನ ಪಾಂಡಿತ್ಯವನ್ನು ನೋಡುತ್ತಿದ್ದರು.

ತಾಯಮ್ಮ ಎರಡು ಸಾವಿರ ಎಂದಳು. ನಾನು ಸಂಪ್ರದಾಯದಂತೆ ಹೆಗಲ ಮೇಲಿನ ಟವೆಲನ್ನು ಕೈಮೇಲೆ ಹೊದಿಸಿ, ಬೆರಳು ಅದುಮಿ ಬೆಲೆ ಹೇಳಲೆಂದು ಅವಳತ್ತ ಚಾಚಿದೆ. ದನದ ಜಾತ್ರೆಗಳಲ್ಲಿ ಪಕ್ಕದವರಿಗೆ ತಿಳಿಯದಂತೆ ವ್ಯಾಪಾರ ನಡೆಯುವುದು ಹಾಗೆಯೇ.

ಅವಳು ಸೌಟು ಹಿಡಿದೇ ನಕ್ಕಳು. "ಅದ್ಯಾಕಣ್ಣೋ ಟವಲ್ ಒಳ್ಗೆ ಕೈ ಇಕ್ಕಂಡಿದ್ದೀಯೆ? ಸುಟ್ಕೊಂಡ್ಯಾ? ಬಾಯಲ್ಲೇ ಏಳು, ಇಲ್ಲಿ ನಮ್ ನಾಯ್ಗೆ ಯಾರೂ ಪೈಪೋಟಿ ಬಂದಿಲ್ಲ."

ಬಾಯಲ್ಲೇ ಹೇಳಿದೆ. ಎರಡು ಸಾವಿರ ಒಂದೂವರೆಯಾಯಿತು. ನಾನು ಟೀ ಲೋಟ ಎತ್ತುವಷ್ಟರಲ್ಲಿ ಸಾವಿರವಾಯಿತು. ಇಳಿಸುವಷ್ಟರಲ್ಲಿ ಎಂಟು ನೂರು ಮತ್ತು ಅವಳ ಸೋರುವ ಮಾಡಿಗೆ ನನ್ನ ಹಳೆಯ ಟಾರ್ಪಾಲು. ಇಂಥ ಅಮೋಘ ವಿಜಯವನ್ನು ನಾನು ಹಿಂದೆ ಕಂಡಿರಲಿಲ್ಲ. ಬೇಗ ಇಳಿಯುವ ಬೆಲೆಯ ತಳದಲ್ಲಿ ಬಾವಿ ಇರುತ್ತದೆಂದು ನಮ್ಮಪ್ಪ ಹೇಳುತ್ತಿದ್ದ ಮಾತು ನೆನಪಿಗೆ ಬಂದದ್ದು ಮಾತ್ರ ಆರು ಮೈಲಿ ಆದ ಮೇಲೆ.

ಅಲ್ಲಿಯವರೆಗೆ ಕೆಂಪಿ ಪಕ್ಕದ ಸೀಟಿನಲ್ಲಿ ಪಟ್ಟದರಾಣಿಯಂತೆ ಕೂತಿದ್ದಳು. ಆಮೇಲೆ ಸಣ್ಣಗೆ ಕುಂಯ್‌ಗುಟ್ಟಿದಳು. ಹಸಿವೆಂದು ಬನ್ ಕೊಟ್ಟೆ, ಮುಖ ತಿರುಗಿಸಿದಳು. ಭಯವೆಂದು ಬೆನ್ನು ಸವರಿದೆ, ಸ್ವರ ಏರಿಸಿದಳು. ಓಡುವ ಚಕ್ರ ನಿಂತರೆ ನಷ್ಟ ಎಂಬ ತತ್ತ್ವದವನಾದ ನಾನು ಗಾಡಿ ನಿಲ್ಲಿಸಲಿಲ್ಲ. ಮುಂದೆ ನಡೆದದ್ದನ್ನು ಸಭ್ಯ ಓದುಗರೆದುರು ಹೇಗೆ ಬಣ್ಣಿಸಲಿ? ಸೀಟು, ನನ್ನ ಬುತ್ತಿಯ ಚೀಲ, ಮಡಿಸಿಟ್ಟ ಹೊಸ ಲುಂಗಿ ಎಲ್ಲಕ್ಕೂ ಅಭಿಷೇಕವಾಯಿತು. ಗಾಡಿಯ ಕಾಗದಪತ್ರಗಳು ಪ್ಲಾಸ್ಟಿಕ್ ಕವರಿನಲ್ಲಿದ್ದುದರಿಂದ ಉಳಿದವು.

ಗಾಡಿ ತಿರುಗಿಸಿ ನನ್ನ ಘನವಾದ ಹಕ್ಕನ್ನು ಚಲಾಯಿಸಲು ಹೋದೆ. ನಾನು ಅರಚುವಷ್ಟೂ ಹೊತ್ತು ತಾಯಮ್ಮ ಮುದ್ದೆ ಕಟ್ಟುತ್ತಲೇ ಇದ್ದಳು. ಕೊನೆಗೆ ಕೈ ತೊಳೆದು ಹೇಳಿದಳು:

"ಅಲ್ಲಾ ಕಣಣ್ಣೋ, ಅಲ್ಲು ನೋಡ್ದೆ, ಬಾಲ ನೋಡ್ದೆ, ಅಣೆ ಮ್ಯಾಲಿನ ಸುಳಿ ನೋಡ್ದೆ. ಎಷ್ಟೊತ್ಗೊಂದ್ಸಲ ಉಚ್ಚೆ ಉಯ್ತದೆ ಅಂತ ಒಂದ್ ಮಾತು ಕೇಳುದ್ಯಾ? ಕೇಳಿದ್ರೆ ಏಳ್ತಿದ್ದೆ. ಬಿಸ್ಲಿಗೆ ಬಾಯಾರಿ ಅರ್ಧ ಬಕೀಟು ನೀರು ಕುಡಿತದೆ, ಅದ್ ಮೈಯೊಳ್ಗೆ ನಿಲ್ಲಕಿಲ್ಲ."

ಕೇಳಿರಲಿಲ್ಲ, ನಿಜ. ಏಕೆ ಕೇಳಲಿಲ್ಲವೆಂದು ಆ ಬೆಂಚಿನ ಮೇಲೆ ಕೂತು ಯೋಚಿಸಿದೆ. ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಗೋಮೂತ್ರಿಕೆ ಎಂಬ ಪದ್ಯದ ಬಂಧವನ್ನು ವಿವರಿಸಿದ್ದರು. ಎತ್ತು ನಡೆಯುತ್ತಲೇ ಮೂತ್ರ ಮಾಡಿದಾಗ ಮಣ್ಣಿನ ಮೇಲೆ ಮೂಡುವ ಅಂಕುಡೊಂಕು ಗೆರೆಯಂತೆ ಅಕ್ಷರಗಳನ್ನು ಹೆಣೆಯುವುದಂತೆ. ಪರೀಕ್ಷೆಯಲ್ಲಿ ನನಗೆ ನೆನಪಿದ್ದುದು ಎತ್ತು ಮಾತ್ರ. ಎತ್ತು ನೊಗ ಹೊತ್ತು ನಡೆಯುತ್ತಲೇ ಕೆಲಸ ಮುಗಿಸುತ್ತದೆ, ಗಾಡಿ ನಿಲ್ಲಬೇಕಿಲ್ಲ. ಆದ್ದರಿಂದ ನಮ್ಮ ವಂಶದ ವೇದದಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. ಎತ್ತು ಕೊಳ್ಳುವ ವಿದ್ಯೆಯಿಂದ ನಾಯಿ ಕೊಂಡವನಿಗೆ ಇನ್ನೇನಾಗಬೇಕು?

ನಾಯಿಯನ್ನು ಹಿಂದಕ್ಕೆ ಕೊಡೋಣವೆಂದರೆ ಟಾರ್ಪಾಲು ಆಗಲೇ ಮಾಡನ್ನು ಏರಿತ್ತು. ಅದಕ್ಕಿಂತ ಹೆಚ್ಚಾಗಿ, ಮರುದಿನವೇ ನನ್ನ ಪರೀಕ್ಷೆ. ಸುಂದ್ರಮ್ಮನ ಕಟ್ಟಳೆ ಸ್ಪಷ್ಟವಾಗಿತ್ತು: ಕೆ.ಆರ್. ನಗರದ ಗಿರಣಿಯಿಂದ ಎಚ್.ಡಿ. ಕೋಟೆಗೆ ಅಕ್ಕಿ ಸಾಗಿಸಬೇಕು, ಊಟ ಮಾಡಿಯೇ ಹೊರಡಬೇಕು, ಜೊತೆಗೆ ನಾಯಿ ಇರಬೇಕು, ಸಾಕ್ಷಿಗೆ ಪುಟ್ಟರಾಜು. ದಾರಿಯಲ್ಲಿ ಒಂದೇ ಒಂದು ಸಲ ನಾನು ತೂಕಡಿಸಿದೆನೆಂದು ಅವನು ಹೇಳಿದರೆ ಕೀ ಅವನ ಕೈಗೆ.

ಪುಟ್ಟರಾಜು ಸಾಕ್ಷಿಯಾಗಿ ಮಾತ್ರವಲ್ಲ, ಅಡುಗೆಯವನ ಪಾಲುದಾರನಾಗಿಯೂ ಬಂದ. ಕೆ.ಆರ್. ನಗರದ ಹೋಟೆಲಿನಲ್ಲಿ ನಾನು ಅನ್ನ ಮಜ್ಜಿಗೆ ಎನ್ನುವ ಮೊದಲೇ ನನ್ನೆದುರು ಎರಡು ಮುದ್ದೆ, ಬೋಗುಣಿ ತುಂಬ ಮಟನ್ ಸಾರು.

"ಉಣ್ಣಿ ಭಾವ, ದುಡಿಯೋ ಮೈ. ಯಾಕೆ, ಭಯವಾ?"

"ಭಯ ಯಾರ್ಗ್ಲಾ? ನೀನೂ ಎರಡು ಇಕ್ಕಿಸ್ಕೊ ಮತ್ತೆ."

"ಇಕ್ಕಿಸ್ಕತೀನಿ ಬುಡಿ. ನಾನೇನ್ ಲಾರಿ ಓಡಿಸ್ಬೇಕಾ? ನಾಳಿದ್ದಿಂದ ಓಡಿಸ್ತೀನಿ."

ಅಭಿಮಾನವೆಂಬುದು ಮುದ್ದೆಗಿಂತ ಭಾರವಾದ ವಸ್ತು. ಇಬ್ಬರೂ ಎರಡೆರಡು ನುಂಗಿದೆವು. ಒಂದೂವರೆಗೆ ಹೊರಟೆವು. ನಾಲೆಯ ಬಯಲಿನ ಹಸಿರು, ಇಂಜಿನ್ನಿನ ಏಕನಾದ, ಕಾಲಿಗೆ ಹಿತವಾದ ಬೆಚ್ಚನೆ. ನನ್ನ ರೆಪ್ಪೆಗಳು ಪ್ರಯಾಣಕ್ಕೆ ಸಿದ್ಧವಾದವು. ಆಗ ಕೆಂಪಿ ಕುಂಯ್ ಎಂದಳು. ಹಿಂದಿನ ದಿನದ ಅಭಿಷೇಕ ಮರೆಯುವಂಥದಲ್ಲ. ತತ್ತ್ವವನ್ನು ಬದಿಗಿಟ್ಟು ಬ್ರೇಕ್ ಹಾಕಿದೆ. ಅವಳೊಂದಿಗೆ ನಾಲೆಯ ಏರಿಯ ಮೇಲೆ ನಾಲ್ಕು ಹೆಜ್ಜೆ ನಡೆದು, ನೀರು ಕಂಡಿತಲ್ಲ ಎಂದು ಮುಖ ತೊಳೆದುಕೊಂಡೆ. ಮತ್ತೆ ಹೊರಟು ಸ್ವಲ್ಪ ದೂರಕ್ಕೆ ಮತ್ತೆ ಕುಂಯ್. ಈ ಸಲ ಹುಣಸೇಮರದ ನೆರಳು. ಕೆಂಪಿ ಜಾಗ ಆರಿಸುವಷ್ಟರಲ್ಲಿ ನನ್ನ ಸೊಂಟ ನೆಟ್ಟಗಾಯಿತು. ಹುಣಸೂರಿನಲ್ಲಿ ಇಳಿದಾಗ ಟೀ, ನನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಪೂರ್ತಿ ಲೋಟ. ಆಮೇಲೆ ತಂಬಾಕು ಬೇಯಿಸುವ ಬ್ಯಾರನ್ನುಗಳ ಮಗ್ಗುಲಲ್ಲಿ ಹಾದುಹೋಗುವಾಗ ಒಂದು ತಿರುವಿನಲ್ಲಿ ನಿಜವಾಗಿಯೂ ಒಂದು ಕ್ಷಣ ಲೋಕ ಮಸುಕಾಯಿತು. ನಿಮ್ಮಲ್ಲಿ ಸುಳ್ಳೇಕೆ? ರೆಪ್ಪೆ ಮುಚ್ಚಿತ್ತು. ಕೆಂಪಿ ಈ ಬಾರಿ ಕುಂಯ್‌ಗುಟ್ಟಲಿಲ್ಲ, ಊಳಿಟ್ಟಳು. ಕಣ್ಣು ಬಿಟ್ಟಾಗ ಎದುರಿನಿಂದ ಒಂದು ಬಸ್ಸು ತನ್ನ ಪಾಡಿಗೆ ತಾನು ಬರುತ್ತಿತ್ತು; ನಾನು ಅದರ ಪಾಲಿನ ರಸ್ತೆಯಲ್ಲಿದ್ದೆ. ಸ್ಟಿಯರಿಂಗ್ ಎಳೆದು, ಪಕ್ಕಕ್ಕೆ ನಿಲ್ಲಿಸಿ, ಕೆಂಪಿಯ ಹಿಂದೆ ಬ್ಯಾರನ್ನಿನ ಬೇಲಿಯ ಉದ್ದಕ್ಕೂ ನಡೆದೆ. ಅವಳು ಊಳಿಟ್ಟದ್ದು ಬಸ್ಸು ಕಂಡಲ್ಲ, ತನ್ನ ಅವಸರಕ್ಕೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮೂವತ್ತು ವರ್ಷದಿಂದ ನನ್ನ ಮೈಯೂ ಇಳಿಸು, ಇಳಿಸು ಎಂದು ಕೇಳುತ್ತಲೇ ಇದ್ದಿರಬೇಕು. ಅದಕ್ಕೆ ಊಳಿಡಲು ಬರುತ್ತಿರಲಿಲ್ಲ, ಅಷ್ಟೆ.

ಇಷ್ಟೆಲ್ಲ ನಡೆಯುವಾಗ ಸಾಕ್ಷಿ ಎಲ್ಲಿದ್ದ? ಪುಟ್ಟರಾಜು ಮೊದಲ ನಾಲೆ ದಾಟುವ ಮುನ್ನವೇ ಕಿಟಕಿಗೆ ತಲೆ ಕೊಟ್ಟು, ಬಾಯಿ ತೆರೆದು, ಎರಡು ಮುದ್ದೆಯ ಪೂರ್ಣಫಲವನ್ನು ಅನುಭವಿಸುತ್ತಿದ್ದ. ಮುಂದೆ ಕೆಂಪಿ ನನ್ನನ್ನು ಇನ್ನೆರಡು ಸಲ ಇಳಿಸಿದರೂ ಅವನಿಗೆ ಎಚ್ಚರವಾಗಲಿಲ್ಲ; ಕೋಟೆಯಲ್ಲಿ ಅಕ್ಕಿ ಇಳಿಸುವವರೇ ಅವನನ್ನೂ ಎಬ್ಬಿಸಿದ್ದು.

ಸಂಜೆ ಮನೆ ಬಾಗಿಲಲ್ಲಿ ಸುಂದ್ರಮ್ಮ ನನ್ನನ್ನು ನೋಡಲಿಲ್ಲ, ತಮ್ಮನನ್ನು ನೋಡಿದಳು. "ಏಳ್ಲಾ, ನಿಮ್ ಭಾವ ತೂಕಡಿಸಿದ್ರಾ?"

ಪುಟ್ಟರಾಜು ನೆಲ ನೋಡಿದ. ಲಾರಿಯ ಆಸೆಯಿದ್ದರೂ ಅಕ್ಕನಿಗೆ ಸುಳ್ಳು ಹೇಳುವ ಧೈರ್ಯ ಅವನಿಗಿಲ್ಲ. "ನಂಗೊತ್ತಿಲ್ಲ ಕಣಕ್ಕ. ನಾನು ಒಸಿ ಮಲ್ಗಿಬುಟ್ಟಿದ್ದೆ."

"ಒಸಿ ಅಂದ್ರೆ?"

"ಕೆ.ಆರ್. ನಗರದಿಂದ ಕೋಟೆಗಂಟ."

ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು. ಆಗ ನಾನು ಸುಮ್ಮನಿದ್ದಿದ್ದರೆ ಗೆದ್ದಂತೆಯೇ. ಆದರೆ ಆ ಬಸ್ಸು ಕಣ್ಣಮುಂದೆಯೇ ಇತ್ತು. ಬ್ಯಾರನ್ನಿನ ತಿರುವಿನ ವಿಷಯವನ್ನು ಒಂದಕ್ಷರ ಬಿಡದೆ ಹೇಳಿಬಿಟ್ಟೆ. ನಗು ನಿಂತಿತು. ಬಗ್ಗಿ ಕೆಂಪಿಯ ತಲೆ ಸವರಿದಳು.

"ಎಷ್ಟ್ ಸಲ ಇಳಿಸ್ತು ನಿಮ್ಮ?"

"ಆರ್ ಸಲ."

"ಇವತ್ತಿಂದ ಏಳು ಸಲ ಇಳೀರಿ. ಎರಡ್ ಮುದ್ದೆ ಉಂಡ್ರೆ ಕೀ ನಂದು." ಹಾಗೆಂದು ಒಳಗೆ ಹೋಗಿ ಕೆಂಪಿಗೆ ಒಂದು ದೊಡ್ಡ ಬೋಗುಣಿ ನೀರು ತಂದಿಟ್ಟಳು.

ಆದ್ದರಿಂದ, ಗಾಡಿಗೆ ನಾಯಿ ಹುಡುಕುತ್ತಿರುವ ಮಹನೀಯರೇ, ನನ್ನ ಮಾತು ಕೇಳಿ. ಜಾತಿ ನೋಡಬೇಡಿ, ಸುಳಿಯನ್ನಂತೂ ನೋಡಲೇಬೇಡಿ. ಚೆನ್ನಾಗಿ ನೀರು ಕುಡಿಸಿ, ಕ್ಯಾಬಿನ್ನಿಗೆ ಹತ್ತಿಸಿ, ಒಂದು ಸುತ್ತು ಹೋಗಿ ಬನ್ನಿ. ಸದ್ದಿಲ್ಲದೆ ಮೂರು ಗಂಟೆ ಮಲಗುವ ಸಾಧುವಾದ ನಾಯಿಯನ್ನು ಮಾರುವವನು ಹೊಗಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಅರ್ಧ ಗಂಟೆಗೊಮ್ಮೆ ಪ್ರಾಣ ತಿನ್ನುವ ನಾಯಿಗೆ ಬೇಕಾದರೆ ನೂರು ಹೆಚ್ಚು ಕೊಡಿ, ಆದರೆ ಹೆಚ್ಚು ಕೊಡುವ ಮನಸ್ಸಿದೆಯೆಂದು ಮುಖದಲ್ಲಿ ತೋರಿಸಬೇಡಿ. ಬಿಸಿಲಿನಲ್ಲಿ ಗಾಜು ಏರಿಸಿ ಅದನ್ನು ಒಳಗೆ ಬಿಟ್ಟು ಹೋಗಬೇಡಿ. ಸೀಟಿನ ಮೇಲೆ ಗೋಣಿತಾಟು ಹಾಸಿ, ಹೊಸ ಲುಂಗಿಯನ್ನು ಬೇರೆಡೆ ಇಡಿ. ಕುಂಯ್ ಎಂದ ಕೂಡಲೇ ನೆರಳು ನೋಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನೀವೂ ಇಳಿಯಿರಿ. ಅದು ಒಂದೊಂದೇ ಗಿಡ ಮೂಸಿ ನೋಡಿ, ಬೇಡವೆಂದು ಮುಂದಿನ ಗಿಡಕ್ಕೆ ಹೋಗುತ್ತದೆ. ಹೋಗಲಿ. ಹಗ್ಗ ಜಗ್ಗಬೇಡಿ.